ಒಂದು ತಟ್ಟೆಯ ಚೂರು

ಅಮೆರಿಕದ ನ್ಯೂ ಮೆಕ್ಸಿಕೋ ಪ್ರಾಂತದ ಆಲ್ಬುಕರ್ಕಿ ನಗರದಲ್ಲಿ ರಸಾಯನಶಾಸ್ತ್ರದ ಉಪಾಧ್ಯಾಯನಾಗಿದ್ದು, ಸಂಬಳ ಸಾಲದೆ ಅನ್ಯರ ಕಾರುಗಳನ್ನೂ ತೊಳೆಯುತ್ತಿದ್ದ ವಾಲ್ಟರ್ ವೈಟ್ ಎಂಬ ಐವತ್ತರ ಗೃಹಸ್ಥನು, ತನಗೆ ಶ್ವಾಸಕೋಶದ ಕ್ಯಾನ್ಸರು ತಗುಲಿದೆಯೆಂದು ತಿಳಿದ ಮೇಲೆ, ಹೆಂಡತಿ ಮಕ್ಕಳ ಯೋಗಕ್ಷೇಮದ ಹೆಸರಿನಲ್ಲಿ ಮಾದಕದ್ರವ್ಯವನ್ನು ತಯಾರಿಸತೊಡಗಿ ಮೆಲ್ಲಮೆಲ್ಲನೆ ಅಧಃಪತನಕ್ಕಿಳಿದ ಕಥೆಯನ್ನು ವಿನ್ಸ್ ಗಿಲಿಗನ್ನರ ‘ಬ್ರೇಕಿಂಗ್ ಬ್ಯಾಡ್’ ಧಾರಾವಾಹಿಯು 2008ರಿಂದ 2013ರವರೆಗೆ 62 ಕಂತುಗಳಲ್ಲಿ ನಿರೂಪಿಸಿತು.

ನನ್ನ ಮನಸ್ಸನ್ನು ಇಂದಿಗೂ ಬಿಡದಿರುವುದು ಮೂರನೆಯ ಕಂತು. ನೆಲಮಾಳಿಗೆಯ ಕಂಬಕ್ಕೆ ಸೈಕಲ್ ಬೀಗದಿಂದ ಕೊರಳು ಬಿಗಿದು ಕೂಡಿಹಾಕಿದ ಶತ್ರುವನ್ನು ಕೊಲ್ಲಬೇಕೋ ಬಿಡಬೇಕೋ ಎಂದು ಕಾಗದದ ಮೇಲೆ ಪಟ್ಟಿ ಬರೆದು ತೂಗಿದ ಆತನೇ, ಅವನಿಗೆ ಸ್ಯಾಂಡ್‌ವಿಚ್ಚಿನ ಅಂಚು ಕತ್ತರಿಸಿ ತಂದುಕೊಡುತ್ತಾನೆ; ಬಿಟ್ಟುಬಿಡುವುದೆಂದು ನಿಶ್ಚಯಿಸಿ ಕೀಲಿಕೈಗಾಗಿ ಮೇಲೆ ಬಂದವನು, ತಾನು ಕೆಮ್ಮಿ ಕುಸಿದಾಗ ಒಡೆದಿದ್ದ ತಟ್ಟೆಯ ಚೂರುಗಳನ್ನು ಕಸದ ಬುಟ್ಟಿಯಿಂದೆತ್ತಿ ಒಂದೊಂದಾಗಿ ಜೋಡಿಸಿ ನೋಡಿದರೆ, ಚೂರಿಯಂತೆ ಮೊನಚಾದ ಒಂದು ಚೂರು ಮಾತ್ರ ಕಾಣೆ! ಅದು ಕೆಳಗೆ ಯಾರ ಕೈಯಲ್ಲಿದೆಯೆಂಬುದನ್ನು ಅವನು ಬಲ್ಲ. ಕೊಂದು, ಕ್ಷಮೆ ಬೇಡುತ್ತಾನೆ.

ಆದರೆ ಅವನ ನಿಜವಾದ ಪತನ, ನನ್ನ ದೃಷ್ಟಿಯಲ್ಲಿ, ಈ ಕೊಲೆಯಲ್ಲಿಲ್ಲ. ಮುಂದೆ ಹಳೆಯ ಮಿತ್ರರು ಚಿಕಿತ್ಸೆಯ ವೆಚ್ಚವನ್ನೆಲ್ಲ ತಾವೇ ವಹಿಸುವೆವೆಂದು ಪ್ರೀತಿಯಿಂದ ಮುಂದಾದಾಗ, ಪಾಪಕೃತ್ಯದ ಅಗತ್ಯವೇ ತೀರಿಹೋಗುವ ಆ ಪುಣ್ಯಗಳಿಗೆಯಲ್ಲಿ, ಕೇವಲ ಅಹಂಕಾರದಿಂದ ಅವನು ಒಲ್ಲೆನೆನ್ನುತ್ತಾನಲ್ಲ, ಅಲ್ಲಿದೆ. ಆ ಅಹಂಕಾರವನ್ನು ದನಿಯೇರಿಸದೆ, ದವಡೆಯ ಒಂದು ಬಿಗಿತದಲ್ಲಿ ತೋರಿದ ಬ್ರಯಾನ್ ಕ್ರಾನ್ಸ್ಟನ್ನರ ಅಭಿನಯ ಅಸಾಧಾರಣವಾದುದು. ಎಲ್ಲವನ್ನೂ ತನಗಾಗಿಯೇ ಮಾಡಿದೆನೆಂದು ವಾಲ್ಟರನು ಹೆಂಡತಿಯ ಮುಂದೆ ಒಪ್ಪಿಕೊಳ್ಳುವುದು ಕಟ್ಟಕಡೆಯ ಕಂತಿನಲ್ಲಿ.