ವಾಸದ ಅಪ್ಪಣೆಯೂ ಎರಡು ಕಾದಂಬರಿಗಳೂ

ಕಾದಿರುವುದು ಭಾರತೀಯ ಕಾವ್ಯಕ್ಕೆ ಹೊಸ ವಸ್ತುವಲ್ಲ. ಕಾಳಿದಾಸನ ಯಕ್ಷನು ರಾಮಗಿರಿಯಲ್ಲಿ ಕುಳಿತು, ಒಂದು ವರ್ಷದ ಶಾಪದಲ್ಲಿ ಉಳಿದ ನಾಲ್ಕು ತಿಂಗಳುಗಳನ್ನು ಎಣಿಸುತ್ತಾನೆ. ಶಬರಿಗೆ ದಿನದ ಲೆಕ್ಕವಿಲ್ಲ. ಆದರೆ ಬರುವವನು ಯಾರೆಂಬುದನ್ನು ಆಕೆ ಬಲ್ಲಳು, ಬಂದೇ ಬರುವನೆಂಬುದನ್ನೂ ಬಲ್ಲಳು. ಒಬ್ಬನಿಗೆ ಅವಧಿಯ ಆಸರೆ, ಇನ್ನೊಬ್ಬಳಿಗೆ ನಂಬಿಕೆಯ ಆಸರೆ. ಈ ಎರಡು ಆಸರೆಗಳೂ ಇಲ್ಲದೆ, ಒಬ್ಬ ವ್ಯಕ್ತಿಗಾಗಿಯೂ ಅಲ್ಲದೆ ಒಂದು ಕಾಗದಕ್ಕಾಗಿ ವರ್ಷಗಟ್ಟಲೆ ಕಾದಿರುವವನನ್ನು ಸಾಹಿತ್ಯವು ಹೇಗೆ ಚಿತ್ರಿಸಬೇಕು? ಪರದೇಶದಲ್ಲಿ ನೆಲೆಸುವ ಅಪ್ಪಣೆಯನ್ನು ಬೇಡಿ, ಪೂರ್ವಾಪರದ ವಿಚಾರಣೆ ಮುಗಿಯುವುದನ್ನೇ ಎದುರುನೋಡುವವನ ಸ್ಥಿತಿ ಇಂಥದು. ಮಗನನ್ನೋ ಮಗಳನ್ನೋ ಅಮೆರಿಕೆಗೆ ಕಳುಹಿಸಿರುವ ಕನ್ನಡದ ಅನೇಕ ಮನೆಗಳಿಗೆ ಇದು ದೂರದ ಪ್ರಶ್ನೆಯಲ್ಲ. ಈ ವಸ್ತುವನ್ನು ಕೈಗೆತ್ತಿಕೊಂಡ ಎರಡು ಜರ್ಮನ್ ಕಾದಂಬರಿಗಳನ್ನು ಜೊತೆಯಲ್ಲಿಟ್ಟು ನೋಡಿದರೆ ಪ್ರಶ್ನೆಯ ಸ್ವರೂಪವು ಸ್ಪಷ್ಟವಾಗುತ್ತದೆ.

ಮೊದಲನೆಯದು ಫ್ರಾಂಟ್ಸ್ ಕಾಫ್ಕಾನ ‘ಕೋಟೆ’. 1924ರಲ್ಲಿ ಗ್ರಂಥಕರ್ತನು ತೀರಿಕೊಂಡಾಗ ಇದು ಅಪೂರ್ಣವಾಗಿತ್ತು; ಆತನ ಸ್ನೇಹಿತ ಮ್ಯಾಕ್ಸ್ ಬ್ರಾಡನು ಇದನ್ನು 1926ರಲ್ಲಿ ಪ್ರಕಟಿಸಿದನು. ಕಥಾನಾಯಕನಿಗೆ ‘ಕೆ.’ ಎಂಬ ಒಂದಕ್ಷರವೇ ಹೆಸರು. ಮೋಜಣಿಯ ಕೆಲಸಕ್ಕೆ ಕರೆಬಂದಿದೆಯೆಂದು ಹೇಳಿಕೊಂಡು ಆತನು ರಾತ್ರಿಯ ಹೊತ್ತು ಒಂದು ಹಳ್ಳಿಯನ್ನು ಸೇರುತ್ತಾನೆ. ಕೋಟೆಯ ಒಡೆಯನ ಅಪ್ಪಣೆಯಿಲ್ಲದೆ ಅಲ್ಲಿ ಒಂದು ರಾತ್ರಿ ತಂಗುವುದಕ್ಕೂ ಅಧಿಕಾರವಿಲ್ಲ. ಮೋಜಣಿದಾರನನ್ನು ನೇಮಿಸುವ ವಿಚಾರವಾಗಿ ಬಹುಕಾಲದ ಹಿಂದೆ ಹಳ್ಳಿಯಿಂದ ಹೋದ ಉತ್ತರವು ಸೇರಬೇಕಾದ ಇಲಾಖೆಯನ್ನು ಬಿಟ್ಟು ಬೇರೊಂದಕ್ಕೆ ಹೋಯಿತು. ಹೋದದ್ದೂ ಬರಿಯ ಹೊದಿಕೆ, ಒಳಗಿನ ಕಾಗದವಿಲ್ಲ. ಒಬ್ಬ ಮನುಷ್ಯನ ಬಾಳು ಆ ಬರಿದಾದ ಹೊದಿಕೆಯ ಮೇಲೆ ನಿಂತಿದೆ. ಕಥೆಗೆ ಕಾಫ್ಕಾನು ಯೋಚಿಸಿದ್ದ ಮುಕ್ತಾಯವನ್ನು ಬ್ರಾಡನು ತಿಳಿಸಿದ್ದಾನೆ: ಕೆ. ಸಾಯುವ ಹಾಸಿಗೆಯಲ್ಲಿರುವಾಗ ಕೋಟೆಯಿಂದ ತೀರ್ಮಾನವು ಬರುತ್ತದೆ. ಹಳ್ಳಿಯಲ್ಲಿ ವಾಸಮಾಡುವ ಹಕ್ಕು ಆತನಿಗಿಲ್ಲ; ಆದರೂ ಕೆಲವು ಸಂದರ್ಭಗಳನ್ನು ಗಮನಿಸಿ, ಅಲ್ಲಿದ್ದು ಕೆಲಸಮಾಡಲು ಅಡ್ಡಿಯಿಲ್ಲ.

ಎರಡನೆಯದು ಆನ್ನಾ ಸೇಗರ್ಸಳ ‘ಟ್ರಾನ್ಸಿಟ್’. ಇದು 1944ರಲ್ಲಿ ಮೊದಲು ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಭಾಷಾಂತರಗಳಲ್ಲಿ ಹೊರಬಂದು, ಜರ್ಮನ್ ಭಾಷೆಯಲ್ಲಿ ಪುಸ್ತಕವಾದದ್ದು 1948ರಲ್ಲಿ. ಗ್ರಂಥಕರ್ತ್ರಿಯು ತಾನು ಕಂಡುಂಡದ್ದನ್ನೇ ಬರೆದಿದ್ದಾಳೆ. ನಾಜಿಗಳ ಕೈಯಿಂದ ತಪ್ಪಿಸಿಕೊಂಡು, 1941ರಲ್ಲಿ ಮಾರ್ಸೇಲ್ಸ್ ಬಂದರಿನಿಂದ ಹಡಗು ಹತ್ತಿ, ಆಕೆ ಸಂಸಾರಸಮೇತ ಮೆಕ್ಸಿಕೋ ಸೇರಿದಳು. ಕಾದಂಬರಿಯು ನಡೆಯುವುದು ಆ ಬಂದರಿನ ಕಚೇರಿಗಳಲ್ಲಿ, ಕಾಫಿಯ ಅಂಗಡಿಗಳಲ್ಲಿ, ಸರದಿಯ ಸಾಲುಗಳಲ್ಲಿ.

ಆ ಊರಿನ ನಿಯಮವು ವಿಚಿತ್ರವಾದುದು. ಇರಲು ಅಪ್ಪಣೆ ಬೇಕಾದರೆ, ಹೊರಡಲಿರುವೆನೆಂಬುದಕ್ಕೆ ರುಜುವಾತು ತೋರಿಸಬೇಕು. ಹೊರಡಬೇಕಾದರೆ ಸೇರುವ ದೇಶದ ವೀಸಾ, ನಡುವೆ ಹಾಯುವ ದೇಶಗಳ ರಹದಾರಿ, ಹಡಗಿನ ಚೀಟಿ, ಫ್ರಾನ್ಸನ್ನು ಬಿಡುವ ಅಪ್ಪಣೆ ಇವೆಲ್ಲವೂ ಒಂದೇ ಕಾಲದಲ್ಲಿ ಕೈಯಲ್ಲಿರಬೇಕು. ಒಂದು ದೊರೆಯುವಷ್ಟರಲ್ಲಿ ಇನ್ನೊಂದರ ಅವಧಿಯು ತೀರಿರುತ್ತದೆ. ಕಾರಾಕಾಸಿನಲ್ಲಿ ಕೆಲಸ ದೊರೆತಿದ್ದ ವೃದ್ಧನಾದ ಒಬ್ಬ ವಾದ್ಯಮೇಳದ ನಾಯಕನು ಹೀಗೆ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಕಾಗದಗಳೆಲ್ಲ ಕೂಡಿಬಂದವೆನ್ನುವ ಹೊತ್ತಿಗೆ ಆತನ ಆಯುಷ್ಯದ ಅವಧಿಯೇ ತೀರುತ್ತದೆ. ಸೇಗರ್ಸಳು ಇದನ್ನು ಕಣ್ಣೀರಿನಿಂದ ಹೇಳುವುದಿಲ್ಲ. ದಿನಸಿ ಲೆಕ್ಕದಂತೆ ಹೇಳುತ್ತಾಳೆ. ಕೃತಿಯ ಶಕ್ತಿಯಿರುವುದು ಈ ಸಂಯಮದಲ್ಲಿ.

ಎರಡು ಕೃತಿಗಳಿಗೂ ಇರುವ ಮುಖ್ಯ ಭೇದವು ಇಲ್ಲಿಯೇ ಕಾಣುತ್ತದೆ. ಕಾಫ್ಕಾನ ಅಧಿಕಾರವು ಅಗಮ್ಯವಾದುದು. ಅದರ ಮನಸ್ಸನ್ನು ತಿಳಿದವರಿಲ್ಲ. ಸೇಗರ್ಸಳ ಅಧಿಕಾರವು ಬರಿಯ ಅಂಕಗಣಿತ. ನಿಯಮಗಳೆಲ್ಲವೂ ಗೊತ್ತು, ಒಂದಕ್ಕೊಂದು ಹೊಂದದಿರುವುದೇ ಕಷ್ಟ. ಮೊದಲನೆಯ ಪದ್ಧತಿಯಲ್ಲಿ ಒಂದು ಅಪಾಯವಿದೆ. ಕಚೇರಿಯನ್ನು ದೈವದಂತೆ ಅಗಮ್ಯವೆಂದು ಚಿತ್ರಿಸಿದರೆ, ಗುಮಾಸ್ತನ ಅಲಕ್ಷ್ಯಕ್ಕೂ ಒಂದು ಗಾಂಭೀರ್ಯವು ಬಂದುಬಿಡುತ್ತದೆ. ‘ಟ್ರಾನ್ಸಿಟ್’ ಆ ಗೌರವವನ್ನು ಕೊಡುವುದಿಲ್ಲ. ಮನುಷ್ಯರು ಮಾಡಿದ ಕಟ್ಟಳೆಯಿಂದ ಮನುಷ್ಯರು ನಶಿಸುತ್ತಾರೆಂದು ಅದು ನೇರವಾಗಿ ತೋರಿಸುತ್ತದೆ.

ಹಾಗೆಂದು ಒಂದನ್ನು ಹಿಡಿದು ಇನ್ನೊಂದನ್ನು ಬಿಡುವಂತಿಲ್ಲ. ಇಂದಿನ ಅನುಭವವು ಎರಡರ ಸಾಕ್ಷ್ಯವನ್ನೂ ಬೇಡುತ್ತದೆ. ಅಮೆರಿಕೆಯ 1990ರ ಶಾಸನವು ಉದ್ಯೋಗದ ಆಧಾರದ ಮೇಲೆ ಕೊಡುವ ಕಾಯಂ ವಾಸದ ಪರವಾನಗಿಗಳನ್ನು ವರ್ಷಕ್ಕೆ ಸುಮಾರು 1,40,000ಕ್ಕೆ ಮಿತಿಗೊಳಿಸಿತು. ಯಾವ ಒಂದು ದೇಶದವರಿಗೂ ಶೇಕಡಾ 7ಕ್ಕಿಂತ ಹೆಚ್ಚು ಸಲ್ಲದೆಂದೂ ಸಾಮಾನ್ಯ ನಿಯಮವನ್ನಿಟ್ಟಿತು. ಭಾರತದಂಥ ದೊಡ್ಡ ದೇಶದವರ ಸರದಿಯು ಇದರಿಂದ ಬಹಳ ಉದ್ದವಾಯಿತು. ಯಾವ ದಿನಾಂಕದವರೆಗಿನ ಅರ್ಜಿಗಳಿಗೆ ಸರದಿ ಬಂದಿದೆಯೆಂದು ತಿಂಗಳಿಗೊಮ್ಮೆ ಪ್ರಕಟಣೆ ಹೊರಡುತ್ತದೆ. ಆ ದಿನಾಂಕವು ಮುಂದಕ್ಕೆ ಹೋಗುವಂತೆ ಹಿಂದಕ್ಕೂ ಬರುವುದುಂಟು. ಈ ನಡುವೆ ಮಕ್ಕಳಿಗೆ 21 ವರ್ಷ ತುಂಬಿ, ಶಾಸನದ ರಿಯಾಯಿತಿಯೂ ಒದಗದಿದ್ದರೆ, ತಂದೆತಾಯಿಗಳ ಅರ್ಜಿಯ ಆಶ್ರಯವು ತಪ್ಪುತ್ತದೆ. ಇದು ಸೇಗರ್ಸಳ ಲೋಕ: ಲೆಕ್ಕವು ಕಣ್ಣೆದುರಿಗಿದ್ದರೂ ಬಾಳಿನ ಲೆಕ್ಕಕ್ಕೆ ಹೊಂದುವುದಿಲ್ಲ.

ಆದರೆ ಹೆಸರಿನ ತನಿಖೆಯೆಂಬುದು ಕಾಫ್ಕಾನ ಲೋಕಕ್ಕೆ ಸೇರಿದುದು. ಅರ್ಜಿದಾರನ ಹೆಸರನ್ನು ಅಮೆರಿಕೆಯ ಕೇಂದ್ರ ತನಿಖಾ ಸಂಸ್ಥೆಯ ಕಡತಗಳೊಡನೆ ತಾಳೆನೋಡುವಾಗ, ಅಪರಾಧಿಗಳ ಹೆಸರುಗಳಷ್ಟೇ ಅಲ್ಲ, ಯಾವುದೋ ವಿಚಾರಣೆಯಲ್ಲಿ ಪ್ರಸಂಗವಶಾತ್ ಬಂದ ಹೆಸರುಗಳೂ ಎದುರಾಗುತ್ತವೆ. ಹೋಲಿಕೆ ಕಂಡರೆ ಕಡತವನ್ನು ತರಿಸಿ ಓದಬೇಕು. ಓದುವವರೆಗೆ ಅರ್ಜಿಯು ನಿಲ್ಲುತ್ತದೆ. ಹೋಲಿಕೆ ಏನೆಂಬುದನ್ನು ಅರ್ಜಿದಾರನಿಗೆ ತಿಳಿಸುವ ವಾಡಿಕೆಯಿಲ್ಲ. 2001ರ ಸೆಪ್ಟೆಂಬರಿನ ದಾಳಿಯ ಬಳಿಕ ಇಂಥ ಅರ್ಜಿಗಳು ವರ್ಷಗಟ್ಟಲೆ ತಡೆದುನಿಂತವು. ತೀರ್ಮಾನ ಯಾವುದಾದರೂ ಸರಿ, ಕೊಡಿಸಿರೆಂದು ಎಷ್ಟೋ ಮಂದಿ ನ್ಯಾಯಾಲಯಗಳ ಮೊರೆಹೊಕ್ಕರು. ಕಡೆಗೆ 2008ರ ಫೆಬ್ರವರಿಯಲ್ಲಿ, ಬೇರೆಲ್ಲವೂ ಸರಿಯಿದ್ದು ಹೆಸರಿನ ತನಿಖೆಯೊಂದೇ 180 ದಿನಗಳನ್ನು ಮೀರಿ ಬಾಕಿಯಿದ್ದರೆ ಕಾಯಂ ವಾಸವನ್ನು ಮಂಜೂರು ಮಾಡಬಹುದೆಂದು ಆಜ್ಞೆ ಹೊರಟಿತು.

ಹೆಸರಿನ ಈ ವಿಷಯದಲ್ಲಿ ಸೇಗರ್ಸಳ ದೃಷ್ಟಿಯೂ ಆಶ್ಚರ್ಯಕರವಾದುದು. ಆಕೆಯ ಕಥಾನಾಯಕನ ನಿಜನಾಮವು ವಾಚಕರಿಗೆ ಕೊನೆಯವರೆಗೂ ತಿಳಿಯದು. ಆತನು ಸೈಡ್ಲರ್ ಎಂಬುವನ ಕಾಗದಗಳನ್ನಿಟ್ಟುಕೊಂಡಿದ್ದಾನೆ. ಪ್ಯಾರಿಸಿನಲ್ಲಿ ಆತ್ಮಹತ್ಯೆ ಮಾಡಿಕೊಂಡ ವೈಡೆಲ್ ಎಂಬ ಲೇಖಕನೇ ಈತನೆಂದು ಮೆಕ್ಸಿಕೋದ ಕಚೇರಿಯವರು ಭಾವಿಸುತ್ತಾರೆ. ವೈಡೆಲನ ಹೆಂಡತಿ ಮಾರಿ ಗಂಡನನ್ನು ಹುಡುಕುತ್ತ ಅದೇ ಊರಿನಲ್ಲಿ ಅಲೆಯುತ್ತಿದ್ದಾಳೆ. ಈತನು ಸತ್ತವನ ಹೆಸರಿನಲ್ಲಿ ಅರ್ಜಿ ಹಾಕಿದಷ್ಟೂ, ಗಂಡನು ಬದುಕಿದ್ದಾನೆಂಬ ವರ್ತಮಾನವು ಕಚೇರಿಗಳ ಮೂಲಕ ಆಕೆಗೆ ಮುಟ್ಟುತ್ತದೆ. ಕಡತದಲ್ಲಿ ಜೀವವಿರುವವನಿಗೆ ಲೋಕದಲ್ಲಿ ಜೀವವಿಲ್ಲ. ಲೋಕದಲ್ಲಿ ಇರುವವನಿಗೆ ಕಡತದಲ್ಲಿ ಹೆಸರಿಲ್ಲ.

ಕನ್ನಡಿಗರಿಗೆ ಇದರ ಮರ್ಮವು ಬೇಗ ತಿಳಿಯಬೇಕು. ಊರಿನ ಹೆಸರು, ತಂದೆಯ ಹೆಸರು, ತನ್ನ ಹೆಸರು ಎಂಬ ಕ್ರಮವು ಪಾಶ್ಚಾತ್ಯರ ಅರ್ಜಿಯ ಕೋಷ್ಠಕಗಳಿಗೆ ಹೊಂದುವುದಿಲ್ಲ. ಒಂದು ಕಾಗದದಲ್ಲಿ ಮೊದಲಕ್ಷರವಾಗಿರುವ ಊರು ಇನ್ನೊಂದರಲ್ಲಿ ಮನೆತನವಾಗಿ ನಿಲ್ಲುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕೆಯ ವೀಸಾದಲ್ಲಿ ಅದು ಮನೆತನದ ಸ್ಥಾನಕ್ಕೆ ಸರಿದು, ಸ್ವಂತ ಹೆಸರಿನ ಸ್ಥಾನದಲ್ಲಿ ‘ಎಫ್‌ಎನ್‌ಯು’ ಎಂಬ ಮೂರಕ್ಷರಗಳು ಬೀಳುತ್ತವೆ. ಹೆಸರು ತಿಳಿಯದೆಂಬುದು ಅದರ ಅರ್ಥ. ಅಜ್ಜನ ನೆನಪಿಗಾಗಿ ತೊಟ್ಟಿಲಿನಲ್ಲಿ ಇಟ್ಟ ಹೆಸರು ಅಲ್ಲಿ ಈ ರೂಪವನ್ನು ತಾಳುತ್ತದೆ.

‘ಟ್ರಾನ್ಸಿಟ್’ ನಿರ್ದುಷ್ಟವಾದ ಕೃತಿಯಲ್ಲ. ಮಾರಿಯ ಪಾತ್ರವು ನೆರಳಿನಂತೆ ಸುಳಿಯುವುದೇ ಹೊರತು ಮೈದಳೆಯುವುದಿಲ್ಲ. ನಾಯಕನು ಕೈಗೆ ಬಂದ ಪ್ರಯಾಣವನ್ನು ಬಿಟ್ಟು, ಫ್ರಾನ್ಸಿನ ಹೊಲದಲ್ಲಿ ದುಡಿಯುತ್ತ ಅಲ್ಲಿಯವರ ಸುಖದುಃಖಗಳಲ್ಲಿ ಪಾಲುಗೊಳ್ಳಲು ನಿರ್ಧರಿಸುವುದು ಉದಾತ್ತವಾದರೂ, ಆ ನಿರ್ಧಾರವು ಕಥೆಯಿಂದ ಬೆಳೆದುದಕ್ಕಿಂತ ಗ್ರಂಥಕರ್ತ್ರಿಯ ತತ್ತ್ವದಿಂದ ಇಳಿದುಬಂದಂತೆ ತೋರುತ್ತದೆ. ಮೇಲಾಗಿ, ಆಕೆಯ ಜನರು ಊರನ್ನು ಬಿಡಲು ಕಾದವರು. ಕಾಯಂ ವಾಸವನ್ನು ಬೇಡುವವನ ಕಷ್ಟವು ಬೇರೆ ಬಗೆಯದು. ಆತನು ಮನೆ ಹೂಡಿದ್ದಾನೆ, ತೆರಿಗೆ ಕೊಡುತ್ತಿದ್ದಾನೆ, ಮಕ್ಕಳು ಆ ದೇಶದ ಮಾತನ್ನೇ ಆಡುತ್ತಿದ್ದಾರೆ. ಬಾಳು ನೆಲೆಯೂರಿದೆ, ನೆಲೆಗೆ ಅಪ್ಪಣೆಯಿಲ್ಲ. ತಾಯಿಯ ಕಾಯಿಲೆಯ ಸುದ್ದಿ ಬಂದರೂ, ಹೊರಟರೆ ಅರ್ಜಿಯ ಗತಿಯೇನೆಂದು ಮೊದಲು ವಿಚಾರಿಸಬೇಕಾಗುತ್ತದೆ.

ಆಲಂಕಾರಿಕರು ಶಂಕೆ, ಚಿಂತೆ, ದೈನ್ಯಗಳನ್ನು ಸಂಚಾರಿಭಾವಗಳೆಂದು ಕರೆದರು. ಬಂದು ಹೋಗುವುದು ಅವುಗಳ ಸ್ವಭಾವ. ತನಿಖೆಯಲ್ಲಿ ಸಿಕ್ಕಿದವನಲ್ಲಿ ಶಂಕೆಯು ಬಂದು ಹೋಗುವುದಿಲ್ಲ, ಅಲ್ಲಿಯೇ ಮನೆಮಾಡುತ್ತದೆ. ತಪ್ಪು ಮಾಡದವನೂ ತನ್ನ ಹಿಂದಿನ ದಿನಗಳನ್ನು ತಾನೇ ಶೋಧಿಸಲು ತೊಡಗುತ್ತಾನೆ. ಕಚೇರಿಯ ತನಿಖೆಗಿಂತ ಒಳಗಿನ ಈ ತನಿಖೆಯು ಕಠೋರವಾದುದು. ಇದನ್ನು ಸ್ಥಾಯಿಯಾಗಿಟ್ಟುಕೊಂಡು, ಕೋಪಕ್ಕೂ ಕನಿಕರಕ್ಕೂ ಅತಿಯಾಗಿ ಎಡೆಗೊಡದೆ, ಒಂದು ಸಂಸಾರದ ಹತ್ತು ವರ್ಷಗಳನ್ನು ಬರೆಯಬಲ್ಲ ಕನ್ನಡದ ಲೇಖಕನಿಗೆ ಈ ಎರಡು ಕಾದಂಬರಿಗಳೂ ಉಪಯುಕ್ತವಾದುವು. ಕಾಫ್ಕಾನಿಂದ ಆತನು ಮೌನದ ಭಾರವನ್ನು ಕಲಿಯಬಹುದು. ಸೇಗರ್ಸಳಿಂದ ದಿನಾಂಕಗಳನ್ನೂ ಠಸ್ಸೆಗಳನ್ನೂ ಕಥೆಯ ಜೀವವನ್ನಾಗಿ ಮಾಡುವ ಬಗೆಯನ್ನು ಕಲಿಯಬಹುದು. ಹೊರದೇಶದಿಂದ ತಡವಾಗಿ ಬರುವ ಕಾಗದವನ್ನು ಊರಿನ ಮನೆಯ ಜಗಲಿಯಲ್ಲಿ ಕುಳಿತು ಕಾಯುವ ವೃದ್ಧ ತಂದೆತಾಯಿಗಳು ಆ ಎರಡರಲ್ಲಿಯೂ ಇಲ್ಲ. ಆ ಭಾಗವನ್ನು ಕನ್ನಡದ ಲೇಖಕನೇ ಬರೆಯಬೇಕು.