ವಿಜ್ಞಾನ ಕಥಾಚಿತ್ರಗಳಲ್ಲಿ ಆಹಾರ್ಯ: ತೊಗಲಿನ ಉಡುಪಿನ ವಿಚಾರ

೧

ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ ಭರತಮುನಿಯು ಆಹಾರ್ಯವನ್ನು ಕೇವಲ ಹೊರಗಿನ ಸಿಂಗಾರವೆಂದು ಭಾವಿಸಲಿಲ್ಲ. ಪಾತ್ರವು ಬಾಯ್ದೆರೆಯುವ ಮುನ್ನವೇ ಅದರ ದೇಶ, ಕುಲ, ವಯಸ್ಸು, ಅವಸ್ಥೆಗಳನ್ನು ಪ್ರೇಕ್ಷಕನಿಗೆ ತಿಳಿಸುವ ಹೊಣೆಯನ್ನು ಆತನು ಉಡುಗೆತೊಡುಗೆಗಳ ಮೇಲೆ ಹೊರಿಸಿದನು. ಆಹಾರ್ಯವನ್ನು ಮತ್ತೆ ಪುಸ್ತ, ಅಲಂಕಾರ, ಅಂಗರಚನೆ, ಸಜೀವ ಎಂದು ನಾಲ್ಕಾಗಿ ಒಡೆದು, ಪುಸ್ತವೆಂಬ ಕೃತಕ ಆಕೃತಿಗಳನ್ನು ಕಟ್ಟಲು ಒದಗುವ ಸಾಮಗ್ರಿಗಳಲ್ಲಿ ಚಾಪೆ, ಬಟ್ಟೆಗಳೊಡನೆ ತೊಗಲನ್ನೂ ಎಣಿಸಿದನು. ರಂಗಭೂಮಿಗಾಗಿ ಹುಟ್ಟಿದ ಈ ವಿವೇಚನೆಯು ಪಾಶ್ಚಾತ್ಯ ವಿಜ್ಞಾನ ಕಥಾಚಿತ್ರಗಳನ್ನು ಪರಿಶೀಲಿಸುವಾಗಲೂ ಚೆನ್ನಾಗಿ ಕೆಲಸಕ್ಕೆ ಬರುತ್ತದೆ.

ಸಾಮಾಜಿಕ ಚಿತ್ರದಲ್ಲಿ ಉಡುಪಿನ ಕೆಲಸ ಹಗುರವಾದದ್ದು. ಗುಮಾಸ್ತನ ಕೋಟು, ವಕೀಲನ ಕರಿಯ ನಿಲುವಂಗಿ, ವಿಧವೆಯ ಸೀರೆ ಇವುಗಳನ್ನು ಪ್ರೇಕ್ಷಕನು ಬೀದಿಯಲ್ಲಿ ಕಂಡಿರುತ್ತಾನೆ. ತೆರೆಯ ಮೇಲೆ ಕಂಡಾಗ ಗುರುತು ಹಿಡಿಯುತ್ತಾನೆ. ಐತಿಹಾಸಿಕ ಚಿತ್ರಕ್ಕೆ ಶಿಲ್ಪ, ಶಾಸನ, ಚಿತ್ರಪಟಗಳ ಆಧಾರವುಂಟು. ಆದರೆ ಇನ್ನೂ ಬಾರದ ಕಾಲದ ಉಡುಪಿಗೆ ಸಾಕ್ಷಿ ಯಾರು? ವಿಜ್ಞಾನ ಕಥಾಚಿತ್ರದ ವಸ್ತ್ರವಿನ್ಯಾಸಕನು ಗುರುತಿನ ಆಸರೆಯಿಲ್ಲದೆ ನಂಬಿಕೆಯನ್ನು ಹುಟ್ಟಿಸಬೇಕಾಗುತ್ತದೆ. ಈ ಪ್ರಕಾರದ ಪ್ರಸಿದ್ಧ ಚಿತ್ರಗಳನ್ನು ಒಟ್ಟಾಗಿ ನೋಡಿದರೆ ಅವರು ಹಿಡಿದ ದಾರಿ ಎರಡೆಂದು ತೋರುತ್ತದೆ. ಹೊಲಿಗೆಯೂ ಸುಕ್ಕೂ ಕಾಣದ ಹೊಸ ವಸ್ತ್ರವನ್ನು ಕಲ್ಪಿಸುವುದು ಒಂದು. ಹಳೆಯ ತೊಗಲಿನ ಉಡುಪನ್ನು ಹೊಸ ಕಾಲಕ್ಕೆ ತೊಡಿಸುವುದು ಇನ್ನೊಂದು. ಎರಡನೆಯದೇ ಹೆಚ್ಚು ಫಲಪ್ರದವಾಯಿತೆಂಬುದನ್ನೂ, ಅದರ ಕಾರಣವು ತೊಗಲಿನ ಹೊಳಪಿನಲ್ಲಿರದೆ ಅದು ಗಾಯಗೊಳ್ಳಬಲ್ಲುದೆಂಬುದರಲ್ಲಿದೆ ಎಂಬುದನ್ನೂ ಮುಂದೆ ವಿವೇಚಿಸಲಾಗಿದೆ.

೨

ಫ್ರಿಟ್ಸ್ ಲಾಂಗ್‌ನ 'ಮೆಟ್ರೊಪೊಲಿಸ್' (೧೯೨೭) ಈ ಚರ್ಚೆಗೆ ಸಹಜವಾದ ಆರಂಭ. ನೆಲದಡಿಯ ಕಾರ್ಮಿಕರಿಗೆಲ್ಲ ಒಂದೇ ಬಗೆಯ ಕಪ್ಪು ಸಮವಸ್ತ್ರ. ಮೇಲಣ ಶ್ರೀಮಂತ ಪುತ್ರರಿಗೆ ಬಿಳಿಯ ನಯವಾದ ಉಡುಪು. ನಾಯಕ ಫ್ರೆಡರ್ ೧೧೮೧೧ ಎಂಬ ಸಂಖ್ಯೆಯ ಕಾರ್ಮಿಕನೊಡನೆ ಬಟ್ಟೆ ಬದಲಾಯಿಸಿಕೊಂಡ ಕ್ಷಣದಲ್ಲೇ ಇಬ್ಬರ ಹಣೆಬರಹವೂ ಅದಲುಬದಲಾಗುತ್ತದೆ. ಯಂತ್ರಸ್ತ್ರೀಯ ಕವಚವನ್ನು ಶಿಲ್ಪಿ ವಾಲ್ಟರ್ ಶುಲ್ಟ್ಸೆ-ಮಿಟ್ಟೆನ್‌ಡಾರ್ಫ್ ನಟಿ ಬ್ರಿಗಿಟ್ಟೆ ಹೆಲ್ಮ್‌ಳ ಮೈಯಚ್ಚನ್ನು ತೆಗೆದುಕೊಂಡು ನಿರ್ಮಿಸಿದನು. ಲೋಹದಂತೆ ಕಾಣುವ ಆ ಕವಚವು ಮರದ ಹಿಟ್ಟಿನ ಲೇಪಕ್ಕೆ ಬೆಳ್ಳಿಯ ಬಣ್ಣ ಬಳಿದದ್ದು. ಭರತನ ಪುಸ್ತಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯಲಾರದು.

ಇದೇ ಚಿತ್ರವನ್ನು ಕಟುವಾಗಿ ಟೀಕಿಸಿದ್ದ ಎಚ್. ಜಿ. ವೆಲ್ಸ್ ತಾನೇ ಚಿತ್ರಕಥೆ ಬರೆದ 'ಥಿಂಗ್ಸ್ ಟು ಕಮ್' (೧೯೩೬) ಚಿತ್ರದಲ್ಲಿ ಬೇರೊಂದು ಭವಿಷ್ಯವನ್ನು ತೋರಿಸಲು ಹೊರಟನು. ವಿಲಿಯಂ ಕ್ಯಾಮೆರಾನ್ ಮೆನ್ಜೀಸ್ ನಿರ್ದೇಶಿಸಿದ ಆ ಚಿತ್ರದ ನಡುಭಾಗದಲ್ಲಿ, ಯುದ್ಧದಿಂದ ಹಾಳಾದ ಊರಿನ ಪಾಳೆಯಗಾರನು ತುಪ್ಪುಳಿನ ಚರ್ಮವನ್ನು ಹೊದ್ದು ಮೆರೆಯುತ್ತಾನೆ. ಅವನೆದುರು ವಿಮಾನದಿಂದ ಇಳಿದು ಬರುವ ಕೇಬಲ್ ಕಪ್ಪು ಹಾರಾಟದ ಉಡುಪನ್ನೂ ಭಾರಿ ಗಾತ್ರದ ಶಿರಸ್ತ್ರಾಣವನ್ನೂ ಧರಿಸಿರುತ್ತಾನೆ. ಒಬ್ಬನು ಬೇಟೆಯ ಕಾಲದವನು, ಮತ್ತೊಬ್ಬನು ಯಂತ್ರದ ಕಾಲದವನು ಎಂಬುದನ್ನು ತಿಳಿಯಲು ಸಂಭಾಷಣೆಯ ಅಗತ್ಯವೇ ಇಲ್ಲ. ಆದರೆ ಕಥೆಯು ೨೦೩೬ಕ್ಕೆ ಬಂದೊಡನೆ ಈ ಶಕ್ತಿ ಕುಂದುತ್ತದೆ. ಅಲ್ಲಿನ ನಾಗರಿಕರು ಮೊಣಕಾಲು ಕಾಣುವ ನಿಲುವಂಗಿ, ಅಗಲವಾದ ಭುಜಗಳ ಮೇಲುಹೊದಿಕೆಗಳಲ್ಲಿ ಪ್ರಾಚೀನ ಗ್ರೀಕರಂತೆ ಓಡಾಡುತ್ತಾರೆ. ಆ ಬಟ್ಟೆಗಳಿಗೆ ಬೆವರಿನ ಕಲೆಯಿಲ್ಲ, ಹರಿದದ್ದನ್ನು ಹೊಲಿದ ಗುರುತಿಲ್ಲ. ದುಃಖವನ್ನು ನಿವಾರಿಸಿದ ಸಮಾಜವನ್ನು ವೆಲ್ಸ್ ಕಲ್ಪಿಸಿದನೆಂಬುದು ನಿಜ. ಅದರೊಡನೆ ಬದುಕಿನ ಗುರುತುಗಳೂ ಅಳಿಸಿಹೋದವು. ಇಂದಿನ ಪ್ರೇಕ್ಷಕನಿಗೆ ಪಾಳೆಯಗಾರನ ತುಪ್ಪುಳು ನಂಬಲರ್ಹವಾಗಿಯೂ, ೨೦೩೬ರ ನಿಲುವಂಗಿ ನಗೆ ತರಿಸುವಂತೆಯೂ ಇರುವುದು ಆಕಸ್ಮಿಕವಲ್ಲ.

ರಾಬರ್ಟ್ ವೈಸ್‌ನ 'ದಿ ಡೇ ದಿ ಅರ್ಥ್ ಸ್ಟುಡ್ ಸ್ಟಿಲ್' (೧೯೫೧) ಹೊಲಿಗೆಯಿಲ್ಲದ ಉಡುಪಿನ ಕಲ್ಪನೆಯನ್ನು ಕೊನೆಯ ಹಂತಕ್ಕೆ ಒಯ್ಯಿತು. ಗಾರ್ಟ್ ಎಂಬ ಯಂತ್ರಮಾನವನಿಗಾಗಿ ಎರಡು ಉಡುಪುಗಳು ಸಿದ್ಧವಾದವು: ಮುಂಭಾಗದಿಂದ ಚಿತ್ರಿಸುವಾಗ ಬೆನ್ನಿನಲ್ಲಿ ತೆರೆದು ಮುಚ್ಚುವುದೊಂದು, ಬೆನ್ನಿನ ಕಡೆಯಿಂದ ಚಿತ್ರಿಸುವಾಗ ಎದೆಯ ಮೇಲೆ ತೆರೆದು ಮುಚ್ಚುವುದೊಂದು. ಏಳು ಅಡಿಗೂ ಮಿಕ್ಕ ಎತ್ತರದ ಲಾಕ್ ಮಾರ್ಟಿನ್ ಅದರೊಳಗೆ ನಿಂತಾಗ ಪ್ರೇಕ್ಷಕನಿಗೆ ಜೋಡಣೆಯ ಗೆರೆಯೇ ಕಾಣದು. ಗಾರ್ಟ್‌ನ ಭೀಕರತೆಯ ಗುಟ್ಟು ಇದೇ: ಒಳಹೊಗಲು ಎಲ್ಲಿಯೂ ಬಿರುಕಿಲ್ಲ.

ಆದರೆ ಚಿತ್ರದ ಹೃದಯವಿರುವುದು ಅಲ್ಲಲ್ಲ. ಅನ್ಯಲೋಕದಿಂದ ಬಂದ ಕ್ಲಾಟು ಸೈನಿಕನ ಗುಂಡೇಟಿನಿಂದ ಗಾಯಗೊಂಡು ಆಸ್ಪತ್ರೆ ಸೇರುತ್ತಾನೆ. ಅಲ್ಲಿಂದ ತಪ್ಪಿಸಿಕೊಂಡು ಹೋಗುವಾಗ ಯಾರೋ ಒಬ್ಬ ಮೇಜರನ ಸಾಧಾರಣ ಸೂಟನ್ನು ತೊಟ್ಟುಕೊಳ್ಳುತ್ತಾನೆ. ಅದರ ಲಾಂಡ್ರಿ ಚೀಟಿಯ ಮೇಲಿನ 'ಕಾರ್ಪೆಂಟರ್' ಎಂಬ ಹೆಸರೇ ಅವನ ಹೆಸರಾಗುತ್ತದೆ. ಬೇರೊಬ್ಬರ ಬಟ್ಟೆಯನ್ನು ತೊಟ್ಟು, ಬೇರೊಬ್ಬರ ಹೆಸರನ್ನು ಹೊತ್ತು, ಬಾಡಿಗೆಯ ಕೋಣೆಯೊಂದರಲ್ಲಿ ನೆಲಸಿ, ನೆರೆಯವರ ಮಾತನ್ನು ಗಮನವಿಟ್ಟು ಆಲಿಸುವ ಈ ಪರಸ್ಥಳದವನು ಬೆಳ್ಳಿಯ ಉಡುಪಿನ ದೂತನಿಗಿಂತ ಎಷ್ಟೋ ಹೆಚ್ಚು ಆತ್ಮೀಯನಾಗುತ್ತಾನೆ. ಊರು ಬಿಟ್ಟು ಬಂದು ನಗರಗಳಲ್ಲಿ ನೆಲೆಗೊಂಡ ವಾಚಕರಿಗೆ ಈ ಸನ್ನಿವೇಶದ ಮರ್ಮವನ್ನು ವಿವರಿಸಬೇಕಾಗಿಲ್ಲ.

೩

ತೊಗಲಿನ ಜಾಕೆಟ್ಟು ವಿಜ್ಞಾನ ಕಥಾಚಿತ್ರಕ್ಕೆ ಬಂದದ್ದು ಎರಡು ಕಡೆಗಳಿಂದ. ತೆರೆದ ವಿಮಾನಗಳಲ್ಲಿ ಮೇಲಣ ಆಕಾಶದ ಚಳಿಯನ್ನು ತಡೆಯಲು ವೈಮಾನಿಕರಿಗೆ ಚರ್ಮವೇ ಬೇಕಾಗಿತ್ತು. ಅಮೆರಿಕದ ಸೇನೆಯ ವಾಯುದಳವು ೧೯೩೧ರಲ್ಲಿ ಎ-೨ ಎಂಬ ಜಾಕೆಟ್ಟನ್ನು ಅಂಗೀಕರಿಸಿತು. ಇನ್ನೊಂದು ಕಡೆ, ೧೯೨೮ರಲ್ಲಿ ನ್ಯೂಯಾರ್ಕಿನ ಅರ್ವಿಂಗ್ ಶಾಟ್ ಮೋಟಾರ್ ಸೈಕಲ್ ಸವಾರರಿಗಾಗಿ ಜಿಪ್ಪಿನ ಜಾಕೆಟ್ಟನ್ನು ತಯಾರಿಸಿದನು. 'ದಿ ವೈಲ್ಡ್ ಒನ್' (೧೯೫೩) ಚಿತ್ರದಲ್ಲಿ ಮಾರ್ಲನ್ ಬ್ರಾಂಡೊ ಅಂಥ ಜಾಕೆಟ್ಟನ್ನು ತೊಟ್ಟ ಮೇಲೆ ಅದು ಕಟ್ಟಳೆಗೆ ಮಣಿಯದವನ ಚಿಹ್ನೆಯಾಯಿತು. ಹೀಗೆ ಒಂದೇ ಉಡುಪಿನಲ್ಲಿ ಕಾಯುವವನ ಅರ್ಥವೂ ಮುರಿಯುವವನ ಅರ್ಥವೂ ಸೇರಿಕೊಂಡವು. ಮುಂದಿನ ಚಿತ್ರಗಳು ಈ ದ್ವಂದ್ವವನ್ನೇ ಬಂಡವಾಳ ಮಾಡಿಕೊಂಡವು.

'ಪ್ಲಾನೆಟ್ ಆಫ್ ದಿ ಏಪ್ಸ್' (೧೯೬೮) ಚಿತ್ರದಲ್ಲಿ ಮಾರ್ಟನ್ ಹಾಕ್ ರೂಪಿಸಿದ ಉಡುಪುಗಳು ವರ್ಣವ್ಯವಸ್ಥೆಯನ್ನು ಅಕ್ಷರಶಃ ವರ್ಣಗಳಲ್ಲೇ ತೋರಿಸುತ್ತವೆ. ಆಳುವ ಒರಾಂಗುಟಾನ್‌ಗಳಿಗೆ ಕಿತ್ತಳೆ ಛಾಯೆ, ವಿದ್ಯಾವಂತ ಚಿಂಪಾಂಜಿಗಳಿಗೆ ಹಸುರು, ಸೈನಿಕರಾದ ಗೊರಿಲ್ಲಗಳಿಗೆ ಕಪ್ಪು ತೊಗಲು. ಮನುಷ್ಯರೋ ಚಿಂದಿಗಳಲ್ಲಿದ್ದಾರೆ, ನಾಯಕ ಟೇಲರ್‌ನ ಮೈಮೇಲಿದ್ದ ಚಿಂದಿಯನ್ನೂ ವಿಚಾರಣೆಯ ಸಭೆಯಲ್ಲಿ ಕಿತ್ತುಹಾಕಲಾಗುತ್ತದೆ. ಅವನ ಸಂಗಡಿಗನೊಬ್ಬನ ಶವಕ್ಕೆ ಒಳಗೆ ಹದವಾಗಿ ತುಂಬಿ ಪ್ರದರ್ಶನಾಲಯದಲ್ಲಿ ನಿಲ್ಲಿಸಿರುವ ದೃಶ್ಯ ಇನ್ನೂ ಘೋರವಾದದ್ದು. ತೊಗಲನ್ನು ಉಡುವವರು ಯಾರು, ಯಾರ ತೊಗಲು ವಸ್ತುವಾಗುತ್ತದೆ ಎಂಬ ಪ್ರಶ್ನೆಯಲ್ಲಿಯೇ ಅಧಿಕಾರದ ಸಮಸ್ತ ವಿಚಾರವೂ ಅಡಗಿದೆ ಎಂಬುದನ್ನು ಆ ಚಿತ್ರ ಒಂದು ಮಾತೂ ಇಲ್ಲದೆ ಹೇಳಿಬಿಡುತ್ತದೆ.

ಜಾರ್ಜ್ ಮಿಲ್ಲರ್‌ನ 'ಮ್ಯಾಡ್ ಮ್ಯಾಕ್ಸ್' (೧೯೭೯) ಆಸ್ಟ್ರೇಲಿಯದಲ್ಲಿ ಅಲ್ಪ ಬಂಡವಾಳದಿಂದ ತಯಾರಾದ ಚಿತ್ರ. ಅದರಲ್ಲಿ ರಸ್ತೆಯ ಪೊಲೀಸರಿಗೂ ಕಪ್ಪು ತೊಗಲು, ಅವರು ಬೆನ್ನಟ್ಟುವ ದುರುಳರಿಗೂ ತೊಗಲು. ಕಾಯುವವನಿಗೂ ಮುರಿಯುವವನಿಗೂ ನಡುವಣ ಗೆರೆ ಅಳಿಯುತ್ತಿರುವುದನ್ನು ಉಡುಪೇ ಸೂಚಿಸುತ್ತದೆ. ಚಿತ್ರದ ಕೊನೆಯಲ್ಲಿ ಮ್ಯಾಕ್ಸನ ಮೊಣಕಾಲಿಗೆ ಗುಂಡು ತಗಲುತ್ತದೆ, ತೋಳಿನ ಮೇಲೆ ಮೋಟಾರ್ ಸೈಕಲ್ ಹಾಯುತ್ತದೆ. ಎರಡನೆಯ ಚಿತ್ರ (೧೯೮೧) ಆರಂಭವಾಗುವಾಗ ಅದೇ ಜಾಕೆಟ್ಟು ಇದೆ, ಒಂದು ತೋಳಿಲ್ಲ; ಕಾಲಿಗೆ ಲೋಹದ ಕಟ್ಟು ಇದೆ. ಹಿಂದಿನ ಕಥೆಯನ್ನು ಅರಿಯದವನೂ ಈ ಮನುಷ್ಯನಿಗೆ ಏನೋ ಆಗಿಹೋಗಿದೆ ಎಂದು ಗ್ರಹಿಸುತ್ತಾನೆ. ೨೦೩೬ರ ನಿಲುವಂಗಿಗಳಿಗೆ ಸಾಧ್ಯವಾಗದ ಕೆಲಸವನ್ನು ಇಲ್ಲದ ತೋಳೊಂದು ಮಾಡಿತು.

೪

ಈ ವಿಚಾರವು ಅತ್ಯಂತ ಸ್ಪಷ್ಟವಾಗಿ ಮೂಡಿರುವುದು ಜೇಮ್ಸ್ ಕ್ಯಾಮೆರಾನ್‌ನ 'ದಿ ಟರ್ಮಿನೇಟರ್' (೧೯೮೪) ಮತ್ತು ಅದರ ಉತ್ತರಭಾಗ (೧೯೯೧) ಇವುಗಳಲ್ಲಿ. ೨೦೨೯ರಿಂದ ಹಿಂದಕ್ಕೆ ಕಳುಹಲ್ಪಟ್ಟ ಕೊಲೆಗಡುಕ ಯಂತ್ರವು ಬತ್ತಲೆಯಾಗಿ ಲಾಸ್ ಏಂಜಲೀಸಿಗೆ ಬರುತ್ತದೆ. ಜೀವಂತ ಮಾಂಸದ ಹೊದಿಕೆಯಿಲ್ಲದ ಯಾವುದೂ ಕಾಲವನ್ನು ದಾಟಲಾರದೆಂಬುದು ಕಥೆಯ ನಿಯಮ. ಆದುದರಿಂದ ಅದರ ಮೊದಲನೆಯ ಕೆಲಸವೇ ಬಟ್ಟೆಯನ್ನು ಕಸಿದುಕೊಳ್ಳುವುದು. ಭರತನ ವಿಂಗಡಣೆಯನ್ನು ಇಲ್ಲಿಗೆ ಅನ್ವಯಿಸಿದರೆ ವಿಷಯ ಬೆಳಕಿಗೆ ಬರುತ್ತದೆ. ಒಳಗಿನ ಲೋಹದ ಅಸ್ಥಿಪಂಜರವು ಪುಸ್ತ. ಅದರ ಮೇಲಿನ ಮಾನವಚರ್ಮವು ಅಂಗರಚನೆ. ಅದರ ಮೇಲಿನ ತೊಗಲಿನ ಜಾಕೆಟ್ಟು ಅಲಂಕಾರ. ನಟನ ಮೈಮೇಲೆ ಇರಬೇಕಾದ ಆಹಾರ್ಯವೆಲ್ಲ ಇದ್ದು ಒಳಗೆ ನಟನೇ ಇಲ್ಲ. ಹೋರಾಟದಲ್ಲಿ ಕಣ್ಣು ಕೆಟ್ಟಾಗ ಯಂತ್ರವು ಅದನ್ನು ಕಿತ್ತು ಕಪ್ಪು ಕನ್ನಡಕವನ್ನು ಧರಿಸುತ್ತದೆ. ಚರ್ಮ ಸೋತಲ್ಲಿ ಉಡುಪು ಕೈಹಿಡಿಯುತ್ತದೆ. ಬೆಂಕಿಯಲ್ಲಿ ಎರಡೂ ಸುಟ್ಟ ಮೇಲೆ ಉಳಿಯುವುದು ಲೋಹ ಮಾತ್ರ.

ಉತ್ತರಭಾಗದಲ್ಲಿ ಅದೇ ರೂಪದ ಯಂತ್ರವು ಒಬ್ಬ ಬಾಲಕನನ್ನು ಕಾಪಾಡಲು ಬರುತ್ತದೆ. ಎದುರಾಳಿಯಾದ ದ್ರವಲೋಹದ ಯಂತ್ರವು ಪೊಲೀಸನ ಸಮವಸ್ತ್ರದಲ್ಲಿದೆ. ಆದರೆ ಆ ಸಮವಸ್ತ್ರವೂ ಅದರ ದೇಹದ ಭಾಗವೇ. ಗುಂಡು ತಗಲಿದರೆ ಬಟ್ಟೆಯೂ ಮೈಯೂ ಒಟ್ಟಿಗೆ ಕೂಡಿಕೊಳ್ಳುತ್ತವೆ, ಗುರುತು ಉಳಿಯುವುದಿಲ್ಲ. ಬಾಲಕನಿಗೆ ಅಡ್ಡಲಾಗಿ ಬೆನ್ನುಕೊಟ್ಟು ನಿಂತವನ ಜಾಕೆಟ್ಟಿನಲ್ಲಿಯಾದರೋ ಗುಂಡಿನ ತೂತುಗಳು ಹಾಗೆಯೇ ಉಳಿಯುತ್ತವೆ. ಇಬ್ಬರೂ ಯಂತ್ರಗಳೇ, ಆದರೂ ಪ್ರೇಕ್ಷಕನ ಮನಸ್ಸು ತೂತು ಬಿದ್ದ ತೊಗಲಿನ ಕಡೆಗೇ ಒಲಿಯುತ್ತದೆ. ಗಾರ್ಟ್‌ನ ಬಿರುಕಿಲ್ಲದ ಮೈ ೧೯೫೧ರಲ್ಲಿ ಏಕೆ ಭಯ ಹುಟ್ಟಿಸಿತೆಂಬುದಕ್ಕೆ ನಲವತ್ತು ವರ್ಷಗಳ ಅನಂತರ ದೊರೆತ ವ್ಯಾಖ್ಯಾನವಿದು.

ರಿಡ್ಲಿ ಸ್ಕಾಟ್‌ನ 'ಬ್ಲೇಡ್ ರನ್ನರ್' (೧೯೮೨) ಇದನ್ನೇ ಇನ್ನೊಂದು ದಿಕ್ಕಿನಿಂದ ನೋಡುತ್ತದೆ. ಕೃತಕ ಮಾನವ ರಾಯ್ ಬ್ಯಾಟಿ ಉದ್ದನೆಯ ತೊಗಲಿನ ಕೋಟನ್ನು ತೊಟ್ಟು ಭೀತಿಯನ್ನು ಹರಡುತ್ತಾನೆ. ಕೊನೆಯ ಸನ್ನಿವೇಶದಲ್ಲಿ ಅದನ್ನು ಕಳಚಿ, ಬರಿಮೈಯಲ್ಲಿ ಮಳೆಗೆ ಒಡ್ಡಿಕೊಂಡು, ತನ್ನನ್ನು ಕೊಲ್ಲಲು ಬಂದವನನ್ನೇ ಬದುಕಿಸಿ ಸಾಯುತ್ತಾನೆ. ಕೋಟು ಹೋದ ಮೇಲೆಯೇ ಅವನು ಮನುಷ್ಯನಾಗಿ ಕಾಣುತ್ತಾನೆ. ಚಿತ್ರದ ಕಥೆ ನಡೆಯುವುದು ೨೦೧೯ರ ನವೆಂಬರಿನಲ್ಲಿ. ಆ ಕಾಲ ಈಗ ಕಳೆದುಹೋಗಿದೆ. ಆದರೂ ಅದರ ಉಡುಪುಗಳು ಹಾಸ್ಯಾಸ್ಪದವಾಗಿಲ್ಲ. ಏಕೆಂದರೆ ನಾಯಕಿಯ ಅಗಲ ಭುಜದ ಉಡುಪಿನಲ್ಲಿ ಚಿತ್ರವು ೧೯೪೦ರ ದಶಕವನ್ನೇ ನೆನೆಯುತ್ತದೆ, ಹೊಸತೆಂದು ಹೇಳಿಕೊಳ್ಳುವುದಿಲ್ಲ.

೫

ಇಷ್ಟು ಹೇಳಿದ ಮೇಲೂ ಒಂದು ಆಕ್ಷೇಪಕ್ಕೆ ಅವಕಾಶವಿದೆ. ತೆರೆಯ ಮೇಲಿನ ತೂತು, ಕೊಳೆ, ಸವೆತಗಳೆಲ್ಲ ಕುಶಲಕರ್ಮಿಗಳು ಉದ್ದೇಶಪೂರ್ವಕವಾಗಿ ಮಾಡಿದವು. 'ಮ್ಯಾಡ್ ಮ್ಯಾಕ್ಸ್' ಚಿತ್ರದ ಹಲವು ಪೊಲೀಸರು ತೊಟ್ಟದ್ದು ತೊಗಲೂ ಅಲ್ಲ, ಅಗ್ಗದ ವಿನೈಲ್. ಹಾಗಾದರೆ ಬಿಳಿಯ ನಿಲುವಂಗಿಯ ಕೃತಕತೆಗೂ ಇದಕ್ಕೂ ಏನು ಅಂತರ? ಆಹಾರ್ಯವೆಲ್ಲವೂ ಕೃತಕವೇ ಎಂಬುದು ಇದಕ್ಕೆ ಮೊದಲ ಉತ್ತರ. ಕಥೆಯೊಳಗೆ ಆ ಉಡುಪು ಏನನ್ನು ಅನುಭವಿಸಿತು ಎಂಬುದೇ ಮುಖ್ಯ ಎಂಬುದು ಎರಡನೆಯದು. ಅನುಭವವಿಲ್ಲದ ತೊಗಲು ಬೆಳ್ಳಿಯ ಬಟ್ಟೆಯಷ್ಟೇ ಬರಡು.

'ದಿ ಮೇಟ್ರಿಕ್ಸ್' (೧೯೯೯) ಈ ಮಾತಿಗೆ ನಿದರ್ಶನ. ಕಿಮ್ ಬ್ಯಾರೆಟ್ ರೂಪಿಸಿದ ಹೊಳೆಯುವ ಕಪ್ಪು ಉಡುಪುಗಳನ್ನು ಜನ ತೊಗಲೆಂದೇ ಭಾವಿಸಿದರು. ನಾಯಕಿಯ ಉಡುಪು ವಾಸ್ತವವಾಗಿ ಪಿ.ವಿ.ಸಿ.; ನಾಯಕನ ಉದ್ದ ಕೋಟು ಉಣ್ಣೆ ಬೆರೆತ ಬಟ್ಟೆ. ಚಿತ್ರವು ಈ ಹೊಳಪನ್ನು ಮಾಯಾಲೋಕದೊಳಗೆ ಮಾತ್ರ ತೋರಿಸುತ್ತದೆ. ಎಚ್ಚರದ ಲೋಕಕ್ಕೆ ಬಂದೊಡನೆ ಅದೇ ಪಾತ್ರಗಳು ತೂತು ಬಿದ್ದ, ಬಣ್ಣಗೆಟ್ಟ ಅಂಗಿಗಳಲ್ಲಿ ಕುಳಿತು ಗಂಜಿಯಂಥ ಆಹಾರವನ್ನು ಉಣ್ಣುತ್ತವೆ. ಯಾವುದು ಸುಳ್ಳು, ಯಾವುದು ನಿಜ ಎಂದು ಉಡುಪೇ ಸಾರುತ್ತಿದ್ದರೂ ಅನುಕರಣೆಗೆ ಒದಗಿದ್ದು ಕಪ್ಪು ಹೊಳಪೇ. ಹರಕು ಅಂಗಿಯನ್ನು ಯಾರೂ ಅನುಕರಿಸಲಿಲ್ಲ. ಚಿತ್ರ ನೀಡಿದ ಎಚ್ಚರಿಕೆಯನ್ನು ಅದರ ಅಭಿಮಾನಿಗಳೇ ಕೇಳಿಸಿಕೊಳ್ಳದೆ ಹೋದರು ಎನ್ನದೆ ವಿಧಿಯಿಲ್ಲ.

ವಿಜ್ಞಾನ ಕಥಾಚಿತ್ರಗಳನ್ನು ಕುರಿತ ಚರ್ಚೆಯಲ್ಲಿ ಯಂತ್ರಗಳಿಗೂ ದೃಶ್ಯಚಮತ್ಕಾರಗಳಿಗೂ ದೊರೆಯುವ ಗಮನ ಉಡುಪಿಗೆ ದೊರೆಯುವುದು ಅಪರೂಪ. ಆದರೆ ಈ ಚಿತ್ರಗಳ ಮೂಲಪ್ರಶ್ನೆ ಯಂತ್ರದ್ದಲ್ಲ. ಯಾರನ್ನು ಮನುಷ್ಯನೆಂದು ಕರೆಯಬೇಕೆಂಬುದು. ಆ ಪ್ರಶ್ನೆಗೆ ಉತ್ತರವನ್ನು ಲಾಂಡ್ರಿಯ ಚೀಟಿಯಲ್ಲಿ, ತೋಳಿಲ್ಲದ ಜಾಕೆಟ್ಟಿನಲ್ಲಿ, ಗುಂಡಿನ ತೂತುಗಳಲ್ಲಿ ಹುಡುಕಿದ ಕೃತಿಗಳು ಉಳಿದುಕೊಂಡಿವೆ. ಸುಕ್ಕಿಲ್ಲದ ಉಡುಪಿನಲ್ಲಿ ಹುಡುಕಿದವು ತಮ್ಮ ಕಾಲದ ದರ್ಜಿಯ ರುಚಿಯನ್ನಷ್ಟೇ ನಮಗೆ ತಿಳಿಸಿ ಸುಮ್ಮನಾಗುತ್ತವೆ.