ಗೇಟು ಕಾಯುವ ಪಾಠ, ಜೀವ ಕಾಯುವ ಕೆಲಸ

ಅಪಾರ್ಟ್‌ಮೆಂಟ್ ಗೇಟಿನಲ್ಲಿ ಕೂತು ಬಂದವರ ಹೆಸರು ಬರೆದುಕೊಳ್ಳುವ ಗಾರ್ಡು, ಕೊಲೆ ಬೆದರಿಕೆ ಇರುವ ಉದ್ಯಮಿಯ ಬೆನ್ನಿಗೆ ನಿಲ್ಲುವ ಗನ್‌ಮ್ಯಾನು: ಇಬ್ಬರೂ ನಮ್ಮ ಕಾನೂನಿನ ಕಣ್ಣಿಗೆ ಒಂದೇ. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆ ವ್ಯಕ್ತಿಯ ರಕ್ಷಣೆಯನ್ನೂ ಆಸ್ತಿಯ ರಕ್ಷಣೆಯನ್ನೂ ಒಂದೇ ವ್ಯಾಖ್ಯೆಯೊಳಗೆ ಸೇರಿಸಿತು. ಅದರಡಿ 2006ರಲ್ಲಿ ಕೇಂದ್ರ ರೂಪಿಸಿದ ಮಾದರಿ ನಿಯಮಗಳು ತರಬೇತಿಯನ್ನೂ ಒಂದೇ ಮಾಡಿದವು. 100 ಗಂಟೆ ತರಗತಿ, 60 ಗಂಟೆ ಮೈದಾನ, ಕನಿಷ್ಠ 20 ಕೆಲಸದ ದಿನ.

ಪಠ್ಯ ಕಳಪೆಯೇನಲ್ಲ. ಪ್ರಥಮ ಚಿಕಿತ್ಸೆ, ಬೆಂಕಿ ನಂದಿಸುವುದು, ಜನಜಂಗುಳಿ ನಿಭಾಯಿಸುವುದು, ಗುರುತಿನ ಚೀಟಿ ಪರಿಶೀಲನೆ, ಎಫ್‌ಐಆರ್ ದಾಖಲಿಸುವ ಕ್ರಮ ಎಲ್ಲವೂ ಇವೆ. ಗೇಟಿಗೆ ಇಷ್ಟು ಬೇಕೇ ಬೇಕು. ಆದರೆ ಬಂದೂಕು ಬಳಕೆ ಐಚ್ಛಿಕ ವಿಷಯ. ಅಪಾಯದ ನಡುವೆ ವಾಹನ ಓಡಿಸುವ ವಿದ್ಯೆ ಕವಚವಿರುವ ವಾಹನದ ಚಾಲಕನಿಗಷ್ಟೇ ಕಡ್ಡಾಯ.

ಅಂಗರಕ್ಷಕನ ನಿಜವಾದ ಕಸುಬು ಬೇರೆಯೇ. 1981ರ ಮಾರ್ಚ್ 30ರಂದು ವಾಷಿಂಗ್ಟನ್ನಿನಲ್ಲಿ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಮೇಲೆ ಗುಂಡು ಹಾರಿದಾಗ, ಅವರ ರಕ್ಷಣೆಗಿದ್ದ ಸೀಕ್ರೆಟ್ ಸರ್ವಿಸ್‌ನ ಜೆರ್ರಿ ಪಾರ್ ದಾಳಿಕೋರನ ಕಡೆ ನುಗ್ಗಲಿಲ್ಲ. ಅಧ್ಯಕ್ಷರನ್ನು ಕಾರಿನೊಳಕ್ಕೆ ತಳ್ಳಿ ಶ್ವೇತಭವನದ ಕಡೆ ಹೊರಡಿಸಿದರು. ದಾರಿಯಲ್ಲಿ ಅವರ ಬಾಯಲ್ಲಿ ರಕ್ತ ಕಂಡದ್ದೇ ಕಾರನ್ನು ಆಸ್ಪತ್ರೆಗೆ ತಿರುಗಿಸಿದರು. ಆ ತಿರುವೇ ಜೀವ ಉಳಿಸಿತು. ಅಂಥ ನಿರ್ಧಾರ ತೋಳ್ಬಲದಿಂದ ಬರುವುದಿಲ್ಲ, ಮತ್ತೆ ಮತ್ತೆ ಮಾಡಿದ ಅಭ್ಯಾಸದಿಂದ ಬರುತ್ತದೆ. ಹೋಗುವ ಜಾಗವನ್ನು ಮೊದಲೇ ನೋಡಿಬರುವುದು, ದಾರಿ ಬದಲಿಸುವುದು, ಹಿಂಬಾಲಿಸುವವರನ್ನು ಗುರುತಿಸುವುದು, ಹತ್ತಿರದ ಆಸ್ಪತ್ರೆ ಯಾವುದೆಂದು ತಿಳಿದಿರುವುದು ಇದೇ ಅಭ್ಯಾಸದ ಭಾಗ.

ನನಗೆ ಹೆಚ್ಚು ಕಳವಳ ತರುವುದು ಅದೇ ಮಾದರಿ ನಿಯಮಗಳು ಮಾಜಿ ಸೈನಿಕರಿಗೆ ಮತ್ತು ನಿವೃತ್ತ ಪೊಲೀಸರಿಗೆ ಕೊಟ್ಟ ರಿಯಾಯಿತಿ: 40 ಗಂಟೆ ತರಗತಿ, 16 ಗಂಟೆ ಮೈದಾನ, ಏಳು ದಿನ. ಶಿಸ್ತು, ಧೈರ್ಯ ಅವರಲ್ಲಿ ಧಾರಾಳ. ಆದರೆ ಸೈನಿಕ ಕಲಿತದ್ದು ಶತ್ರುವಿನತ್ತ ಮುನ್ನುಗ್ಗುವುದನ್ನು. ಇಲ್ಲಿ ಯಜಮಾನನನ್ನು ಎಳೆದುಕೊಂಡು ದೂರ ಸರಿಯಬೇಕು. ಮೈಗೂಡಿದ್ದನ್ನು ಬಿಡಿಸಲು ಏಳು ದಿನ ಸಾಲದು.

ಬ್ರಿಟನ್ 2001ರ ಕಾಯ್ದೆಯಡಿ ಅಂಗರಕ್ಷಕರಿಗೆ ಬೇರೆಯದೇ ಪರವಾನಗಿ, ಬೇರೆಯದೇ ತರಬೇತಿ ಇಟ್ಟಿದೆ. ನಮ್ಮಲ್ಲಿ ಕೆಲಸ ಕೇಳಿಕೊಂಡು ಹೋದವನಿಗೆ ಎದುರಾಗುವ ಪ್ರಶ್ನೆ, ಸ್ವಂತ ಲೈಸೆನ್ಸ್ ಗನ್ ಇದೆಯಾ ಎಂಬುದು. ಕೊನೆಯ ಸಲ ಗುರಿ ಅಭ್ಯಾಸ ಮಾಡಿದ್ದು ಯಾವಾಗ, ಸುರಿಯುವ ರಕ್ತ ನಿಲ್ಲಿಸಲು ಬರುತ್ತದೆಯೇ ಎಂದು ಕೇಳುವವರು ವಿರಳ. ಈ ಎರಡಕ್ಕೂ ಪ್ರತಿವರ್ಷ ಪರೀಕ್ಷೆ ಇರಬೇಕು, ಅದರ ಖರ್ಚನ್ನು ಏಜೆನ್ಸಿಯೇ ಹೊರಬೇಕು, ಪಾಸಾಗದವನನ್ನು ಬೆದರಿಕೆ ಇರುವ ಯಾರ ಜೊತೆಗೂ ಕಳಿಸಬಾರದು.